ಅನುಮಾನದ ನೆಲ: ಕೋಲಾರ ಚಿನ್ನದ ಗಣಿ ಪ್ರದೇಶ ಮತ್ತು ಕನ್ನಡ ರೋಮಾಂಚಕ ಚಿತ್ರದ ಇಬ್ಬರು ನಾಯಕರು

ಕನ್ನಡ ಚಲನಚಿತ್ರ ಚರಿತ್ರೆಯನ್ನು ಕುರಿತ ಬರೆಹಗಳಲ್ಲಿ ಪೌರಾಣಿಕ, ಐತಿಹಾಸಿಕ, ಸಾಮಾಜಿಕ ಹಾಗೂ ಹೊಸ ಅಲೆಯ ಚಿತ್ರಗಳಿಗೆ ದೊರೆತಿರುವಷ್ಟು ಗಮನ ರೋಮಾಂಚಕ ಚಿತ್ರಗಳಿಗೆ ದೊರೆತಿಲ್ಲ. ಪತ್ತೇದಾರಿ ಕಾದಂಬರಿಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಎನ್. ನರಸಿಂಹಯ್ಯನವರ ನೂರಾರು ಕಾದಂಬರಿಗಳು ಅಕ್ಷರ ಬಲ್ಲ ಸಾಮಾನ್ಯರನ್ನು ಓದುಗರನ್ನಾಗಿ ಮಾಡಿದವು. ಕನ್ನಡ ಚಳವಳಿಯ ಮುಂದಾಳು ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಗಳನ್ನು ಬರೆದು ಜನಪ್ರಿಯರಾಗಿದ್ದರು. ಆದರೂ ಸಾಹಿತ್ಯ ಚರಿತ್ರೆಯ ಪುಟಗಳಲ್ಲಿ ಅವಕ್ಕೆ ಸಿಕ್ಕಿದ್ದು ಒಂದೆರಡು ಸಾಲುಗಳ ಉಲ್ಲೇಖ ಮಾತ್ರ. ಜನಪ್ರಿಯವಾದುದನ್ನು ಹಗುರವಾದುದೆಂದು ಬಗೆಯುವ ಈ ಪ್ರವೃತ್ತಿಯನ್ನು ಜಾನಪದ ಅಧ್ಯಯನವು ಒಪ್ಪುವಂತಿಲ್ಲ. ಜನ ಯಾವುದಕ್ಕೆ ಬೆಚ್ಚುತ್ತಾರೆ, ಯಾರನ್ನು ಅನುಮಾನಿಸುತ್ತಾರೆ, ಯಾವ ಅಪರಾಧವನ್ನು ಕ್ಷಮಿಸುತ್ತಾರೆ ಎಂಬುದನ್ನು ತಿಳಿಯಲು ಭಯದ ಕಥೆಗಳಿಗಿಂತ ನೇರವಾದ ಆಕರ ಮತ್ತೊಂದಿಲ್ಲ.

ಈ ದೃಷ್ಟಿಯಿಂದ ನೋಡಿದಾಗ ಒಂದು ಸಂಗತಿ ಅಚ್ಚರಿ ಹುಟ್ಟಿಸುತ್ತದೆ. ಅನುಮಾನವೇ ಆಡಳಿತದ ಕ್ರಮವಾಗಿ, ಕತ್ತಲೆಯೇ ದುಡಿಮೆಯ ತಾಣವಾಗಿ ನೂರಿಪ್ಪತ್ತು ವರ್ಷ ಬಾಳಿದ ಊರೊಂದು ಕರ್ನಾಟಕದಲ್ಲಿಯೇ ಇತ್ತು. ಅದು ಕೋಲಾರ ಚಿನ್ನದ ಗಣಿ, ಜನರ ಬಾಯಲ್ಲಿ ಕೆ.ಜಿ.ಎಫ್. ಆದರೆ ಅಲ್ಪ ವೆಚ್ಚದ ಕನ್ನಡ ರೋಮಾಂಚಕ ಚಿತ್ರವು ತನ್ನ ಅತ್ಯುತ್ತಮ ದಿನಗಳಲ್ಲಿ ಈ ಊರನ್ನು ತನ್ನದಾಗಿ ಮಾಡಿಕೊಳ್ಳಲಿಲ್ಲ. ಊರು ಜಗತ್ತಿನ ತೆರೆಗಳ ಮೇಲೆ ಮೆರೆದದ್ದು ಗಣಿ ಮುಚ್ಚಿ ಹದಿನೇಳು ವರ್ಷಗಳಾದ ಮೇಲೆ, ಅದೂ ಅಪಾರ ವೆಚ್ಚದ ಸಾಹಸ ಚಿತ್ರವೊಂದರ ಮೂಲಕ. ಈ ತಡವಾದ ಭೇಟಿಯಲ್ಲಿ ಊರಿಗೆ ದಕ್ಕಿದ್ದೇನು, ತಪ್ಪಿಹೋದದ್ದೇನು ಎಂಬುದನ್ನು ಎರಡು ಚಿತ್ರಗಳ, ಮುಖ್ಯವಾಗಿ ಅವುಗಳ ನಾಯಕ ನಟರ ಅಭಿನಯದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

ಮೊದಲು ನೆಲದ ವಿಚಾರ. ಟಿಪ್ಪು ಸುಲ್ತಾನನ ಪತನಾನಂತರ ನಡೆದ ಮೋಜಣಿಯ ಸಂದರ್ಭದಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಉರಿಗಾಂ, ಮಾರಿಕುಪ್ಪಂ ಸುತ್ತಿನ ಚಿನ್ನದ ವದಂತಿಗಳನ್ನು ಬೆನ್ನಟ್ಟಿದ. ಬಹುಮಾನದ ಮಾತು ಕೇಳಿದ ಹಳ್ಳಿಗರು ಗಾಡಿಗಳಲ್ಲಿ ಮಣ್ಣು ಹೇರಿಕೊಂಡು ಬಂದು ಅವನ ಕಣ್ಣೆದುರೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರೆಂಬ ಕಥೆ ಇಂದಿಗೂ ಪ್ರಚಲಿತವಾಗಿದೆ. ಕಥೆಯ ವಿವರಗಳು ಹೇಗೇ ಇರಲಿ, ಅದರ ಆಶಯ ಸ್ಪಷ್ಟ: ಚಿನ್ನ ಇರುವುದು ಊರಿನವರಿಗೆ ಗೊತ್ತಿತ್ತು, ಅದನ್ನು ಅಧಿಕೃತವಾಗಿ 'ಕಂಡುಹಿಡಿಯುವ' ಹಕ್ಕು ಮಾತ್ರ ಹೊರಗಿನವರದಾಯಿತು. ಮೈಕೇಲ್ ಲವೆಲ್ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಅನುಮತಿ ಪಡೆದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕಾಲಿರಿಸಿದ ನಂತರ ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಗಣಿಗಳು ಬೆಳೆದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ಹಾದು ಇಲ್ಲಿಗೆ ಬಂದಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೂರು ವರ್ಷಗಳಿಗೆ. ಆಯುಕ್ತ ಬೌರಿಂಗನ ಹೆಸರು ಹೊತ್ತಿದ್ದ ಬೌರಿಂಗ್‌ಪೇಟೆ, ಇಂದಿನ ಬಂಗಾರಪೇಟೆ, ಗಣಿಗೆ ಹೋಗುವ ರೈಲಿನ ಕೂಡುನಿಲ್ದಾಣವಾಯಿತು. ಉತ್ತರ ಆರ್ಕಾಟಿನ ದಲಿತ ಕುಟುಂಬಗಳು, ಚಿತ್ತೂರಿನ ಕಡೆಯ ತೆಲುಗರು, ಕಾವಲಿಗೆಂದು ಬಂದ ಪಂಜಾಬಿನವರು, ಕಾರ್ನ್‌ವಾಲ್‌ನ ಗಣಿ ಕುಶಲಿಗರು, ಆಂಗ್ಲೋ-ಇಂಡಿಯನ್ನರು ಎಲ್ಲರೂ ಇಳಿದು ಬಂದದ್ದು ಆ ಕವಲು ಹಾದಿಯಲ್ಲಿಯೇ.

ಚಿನ್ನದ ಗಣಿಗೂ ಕಲ್ಲಿದ್ದಲು ಗಣಿಗೂ ಇರುವ ಮುಖ್ಯ ವ್ಯತ್ಯಾಸವನ್ನು ಇಲ್ಲಿ ನೆನೆಯಬೇಕು. ಕಲ್ಲಿದ್ದಲನ್ನು ಯಾರೂ ಬಾಯಲ್ಲಿ ಅಡಗಿಸಿಕೊಂಡು ಹೋಗುವುದಿಲ್ಲ. ಚಿನ್ನದ ಗಣಿಯಲ್ಲಿ ದುಡಿಯುವವನು ಪಾಳಿ ಮುಗಿಸಿ ಮೇಲೆ ಬಂದ ಕ್ಷಣದಿಂದ ಸಂಶಯಾಸ್ಪದ ವ್ಯಕ್ತಿ. ಅವನ ಮೈಯನ್ನು, ಬಟ್ಟೆಯನ್ನು ಶೋಧಿಸಲಾಗುತ್ತಿತ್ತು. ಅದುರು ಹೊಂದಿರುವುದೇ ಅಪರಾಧವೆನ್ನುವ ಕಾನೂನುಗಳನ್ನು ಮೈಸೂರು ಸರ್ಕಾರ ಗಣಿಗಳಿಗೆಂದೇ ರೂಪಿಸಿತ್ತು. 1930ರಲ್ಲಿ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮವನ್ನು ಕಂಪನಿ ತರಲು ಹೊರಟಾಗ ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. ಕಂಪನಿ ಹಿಂಜರಿಯಬೇಕಾಯಿತು. ಕೂಲಿ ಹೆಚ್ಚಿಸಿರೆಂದು ನಡೆದ ಮುಷ್ಕರಗಳ ನಡುವೆ 'ನಮ್ಮನ್ನು ಕಳ್ಳರಂತೆ ಗುರುತು ಹಾಕಬೇಡಿ' ಎಂಬ ಕಾರಣಕ್ಕೆ ನಡೆದ ಈ ಮುಷ್ಕರಕ್ಕೆ ವಿಶೇಷ ಅರ್ಥವಿದೆ. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಗಣಿಯ ಇತಿಹಾಸವನ್ನು ಟನ್ನುಗಳಲ್ಲಿ ಹೇಳುವವರು (ಒಟ್ಟು ಎಂಟುನೂರು ಟನ್ನಿಗೂ ಮಿಕ್ಕಿ ಚಿನ್ನ ತೆಗೆಯಲಾಯಿತೆಂಬ ಲೆಕ್ಕವಿದೆ) ಈ ಎರಡು ಘಟನೆಗಳನ್ನು ಸಾಮಾನ್ಯವಾಗಿ ಅಡಿಟಿಪ್ಪಣಿಗೆ ತಳ್ಳುತ್ತಾರೆ.

ನೆಲದಡಿಯ ಭಯ ಬೇರೆಯೇ ಬಗೆಯದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆ ಆಳದಲ್ಲಿ ಬಂಡೆಯೇ ಕಾದ ಹೆಂಚಿನಂತೆ ಬಿಸಿ. ಒತ್ತಡ ತಾಳಲಾರದ ಬಂಡೆ ಯಾವ ಮುನ್ಸೂಚನೆಯೂ ಇಲ್ಲದೆ ಸಿಡಿದು ಸುರಂಗ ಮುಚ್ಚಿಬಿಡುವ ಶಿಲಾಸ್ಫೋಟಗಳು ಇಲ್ಲಿ ಮತ್ತೆ ಮತ್ತೆ ಸಂಭವಿಸಿದವು. ಮೇಲೆ ಲೈನು ಮನೆಗಳಲ್ಲಿ ಪಾತ್ರೆ ಅಲುಗಿದರೆ ಕೆಳಗೆ ಇಳಿದವರ ಗತಿಯೇನೆಂದು ಹೆಂಗಸರು ಶಾಫ್ಟಿನ ಬಾಯಿಗೆ ಓಡುವಂಥ ಬದುಕು ಅದು. ಉಸಿರಲ್ಲಿ ಸೇರುವ ಕಲ್ಲುದೂಳು ಶ್ವಾಸಕೋಶವನ್ನು ನಿಧಾನವಾಗಿ ಗಟ್ಟಿಗೊಳಿಸುತ್ತಿತ್ತು. ಸಿಲಿಕೋಸಿಸ್ ಎಂಬ ವೈದ್ಯಕೀಯ ಹೆಸರು ಆ ನಿಧಾನವನ್ನು ಹೇಳುವುದಿಲ್ಲ. ನಿಧಿಗೆ ಸರ್ಪಗಾವಲು ಇರುತ್ತದೆ, ನಿಧಿ ಬಲಿ ಬೇಡುತ್ತದೆ ಎಂಬ ನಂಬಿಕೆ ಕರ್ನಾಟಕದ ಉದ್ದಗಲಕ್ಕೂ ಇರುವಂಥದು. 'ಕೆರೆಗೆ ಹಾರ'ದ ಭಾಗೀರಥಿಯ ಕಥೆಯಲ್ಲಿ ನೀರು ಬಲಿ ಕೇಳಿದರೆ ನಿಧಿಯ ಕಥೆಗಳಲ್ಲಿ ಹೊನ್ನು ಕೇಳುತ್ತದೆ. ಇಂತಹ ಕಥೆಗಳ ಲೋಕದಿಂದ ಬಂದ ಜನರಿಗೆ ಗಣಿಯ ಸಾವುಗಳು ಕೇವಲ ಅಪಘಾತಗಳಾಗಿ ಕಂಡಿರಲಾರವು. ಊರಿನ ಹೆಸರಲ್ಲಿಯೇ ಮಾರಿ ಇದ್ದಾಳೆ.

ಇಷ್ಟು ಸಾಮಗ್ರಿಯಿದ್ದ ನೆಲಕ್ಕೆ ತಕ್ಕ ಕಥನರೂಪ ಯಾವುದು? ಕನ್ನಡದಲ್ಲಿ ಅದು ಸಿದ್ಧವಾಗಿಯೇ ಇತ್ತು. ಕಾಶೀನಾಥ್ ನಿರ್ದೇಶನದ 'ಅಪರಿಚಿತ' (1978) ಕೈಯಲ್ಲಿ ಹೆಚ್ಚು ಹಣವಿಲ್ಲದವರೂ ಕುತೂಹಲವನ್ನು ಕಟ್ಟಬಲ್ಲರೆಂದು ತೋರಿಸಿಕೊಟ್ಟಿತು. ನಿರ್ದೇಶಕರೇ ಅದನ್ನು 1981ರಲ್ಲಿ 'ಬೇಷಕ್' ಎಂಬ ಹೆಸರಿನಲ್ಲಿ ಹಿಂದಿಗೆ ಒಯ್ದರು. ಶಂಕರ್ ನಾಗ್ 'ಮಿಂಚಿನ ಓಟ'ದಲ್ಲಿ (1980) ಕಾರು ಕಳ್ಳರ ಬೆನ್ನು ಹತ್ತಿದರು. ಆದರೆ ಈ ಪ್ರಕಾರದ ಪರಿಪಕ್ವ ರೂಪವನ್ನು ಕಾಣಬೇಕಾದರೆ ಸುನಿಲ್ ಕುಮಾರ್ ದೇಸಾಯಿಯವರ ಮೊದಲ ಚಿತ್ರ 'ತರ್ಕ'ಕ್ಕೆ (1989) ಬರಬೇಕು. ಪೊಲೀಸರಿಗೆ ಬೇಕಾದ ಮನುಷ್ಯನೊಬ್ಬ ಒಂಟಿ ಹೆಣ್ಣಿರುವ ಮನೆಯನ್ನು ಹೊಕ್ಕು ಅಡಗುತ್ತಾನೆ. ಅಲ್ಲಿಂದ ಮುಂದೆ ಯಾರು ಯಾರಿಗೆ ಹೆದರಬೇಕು ಎಂಬುದೇ ಪ್ರಶ್ನೆ. ಶಂಕರ್ ನಾಗ್, ವನಿತಾ ವಾಸು, ದೇವರಾಜ್ ಮುಖ್ಯ ಪಾತ್ರಗಳಲ್ಲಿದ್ದರು. ಹಾಡುಗಳಿಲ್ಲ. ಹಾಡಿಲ್ಲದೆ ಚಿತ್ರ ಓಡದು ಎಂಬ ನಂಬಿಕೆ ಗಟ್ಟಿಯಾಗಿದ್ದ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ. ಮರುವರ್ಷವೇ ಚಿತ್ರವು 'ಪುರಿಯಾದ ಪುದಿರ್' ಆಗಿ ತಮಿಳಿಗೆ ಹೋಯಿತು, ಕೆ.ಎಸ್. ರವಿಕುಮಾರ್ ಅವರ ನಿರ್ದೇಶನದ ಬದುಕು ಆರಂಭವಾದದ್ದೇ ಅದರಿಂದ. ತಮಿಳಿನಿಂದ ಕನ್ನಡಕ್ಕೆ ಬರುವ ಕಥೆಗಳನ್ನಷ್ಟೇ ಲೆಕ್ಕ ಹಾಕುವವರು ಈ ಮರುಪಯಣವನ್ನೂ ಗಮನಿಸುವುದು ಒಳ್ಳೆಯದು.

ಶಂಕರ್ ನಾಗ್ ಅವರ ಅಭಿನಯವನ್ನು ಕುರಿತು ತುಸು ವಿಸ್ತಾರವಾಗಿ ಹೇಳಬೇಕಾಗಿದೆ. 'ಒಂದಾನೊಂದು ಕಾಲದಲ್ಲಿ' (1978) ಚಿತ್ರದ ಕೂಲಿ ಸೈನಿಕನ ಪಾತ್ರಕ್ಕೆ ಅಂತಾರಾಷ್ಟ್ರೀಯ ಚಿತ್ರೋತ್ಸವದ ಪ್ರಶಸ್ತಿ ಪಡೆದ ಈ ನಟ ಮುಂಬಯಿಯ ಮರಾಠಿ ರಂಗಭೂಮಿಯಿಂದ ಬಂದವರು. ಆನಂತರದ ಹತ್ತು ವರ್ಷಗಳಲ್ಲಿ ಮಾರುಕಟ್ಟೆ ಅವರನ್ನು ಹೊಡೆದಾಟದ ನಾಯಕನನ್ನಾಗಿ ರೂಪಿಸಿತು. 'ಆಟೋ ರಾಜ' (1980) ಅವರನ್ನು ಎಂತಹ ಜಾನಪದ ವ್ಯಕ್ತಿಯನ್ನಾಗಿಸಿತೆಂದರೆ, ನಿಧನರಾಗಿ ಮೂರು ದಶಕಗಳು ಕಳೆದ ಮೇಲೂ ರಾಜ್ಯದ ಆಟೋ ನಿಲ್ದಾಣಗಳಲ್ಲಿ ಅವರ ಚಿತ್ರ ಉಳಿದಿದೆ. 'ತರ್ಕ'ದಲ್ಲಿ ಅವರು ಆ ಬಂಡವಾಳವನ್ನೆಲ್ಲ ಬದಿಗಿಟ್ಟರು. ಕಾಲು ಬೀಸಿ ಹೊಡೆಯಬಲ್ಲವನೆಂದು ಪ್ರೇಕ್ಷಕರಿಗೆ ಗೊತ್ತಿರುವ ಮೈಯನ್ನು ಒಂದು ಕೋಣೆಯಲ್ಲಿ ಕಟ್ಟಿಹಾಕಿ ಕೂರಿಸಿದಾಗ ಆ ಮೈಯಲ್ಲಿಯೇ ಒಂದು ಒತ್ತಡ ಹುಟ್ಟುತ್ತದೆ. ಅವರ ಅವಸರದ, ಒಂದರ ಮೇಲೊಂದು ಬೀಳುವ ಮಾತಿನ ಲಯವನ್ನು ಕೆಲವು ವಿಮರ್ಶಕರು ದೋಷವೆಂದು ಎಣಿಸುತ್ತಿದ್ದುದುಂಟು. ಅಡಗಿರುವವನ ಪಾತ್ರಕ್ಕೆ ಅದೇ ಅವಸರ ಸಹಜವಾಗಿ ಒದಗಿಬಂದಿದೆ. ಈತ ತಪ್ಪಿತಸ್ಥನೋ ಅಲ್ಲವೋ ಎಂಬುದನ್ನು ಮುಖ ಬಿಟ್ಟುಕೊಡುವುದಿಲ್ಲ. ನಾಯಕ ನಟನ ಮುಖವನ್ನು ಕಂಡೊಡನೆ 'ಇವನು ಒಳ್ಳೆಯವನು' ಎಂದು ತೀರ್ಮಾನಿಸುವ ಪ್ರೇಕ್ಷಕನ ಅಭ್ಯಾಸವನ್ನೇ ಚಿತ್ರ ಕದಲಿಸುತ್ತದೆ. ಅಲ್ಪ ವೆಚ್ಚ ಇಲ್ಲಿ ಕೊರತೆಯಾಗಿ ಕಾಣುವುದಿಲ್ಲ. ನೋಡಲು ಬೇರೇನೂ ಇಲ್ಲದ್ದರಿಂದ ಕಣ್ಣು ಮುಖದ ಮೇಲೆಯೇ ನಿಲ್ಲುತ್ತದೆ.

ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ತಮಿಳು ಸಂಗಂ ಕಾವ್ಯದ ಅಹಂ, ಪುರಂ ಎಂಬ ಪರಿಕಲ್ಪನೆಗಳನ್ನು ಕನ್ನಡ ಜಾನಪದಕ್ಕೆ ಅನ್ವಯಿಸಿ, ಮನೆಯೊಳಗೆ ಹೇಳುವ ಕಥೆಗಳನ್ನೂ ಬಯಲಿನಲ್ಲಿ ವೃತ್ತಿಗಾಯಕರು ಹಾಡುವ ಕಥನಗಳನ್ನೂ ಎರಡು ಲೋಕಗಳಾಗಿ ಗುರುತಿಸಿದರು. ಅಡುಗೆಮನೆಯ ಕಥೆಗಳಲ್ಲಿ ಪಾತ್ರಗಳಿಗೆ ಹೆಸರಿಲ್ಲ, ಊರಿಗೆ ಗುರುತಿಲ್ಲ, ಭಯ ಮನೆಯೊಳಗಿನದು. ಬಯಲಿನ ಕಥನಕ್ಕೆ ಹೆಸರುಳ್ಳ ವೀರ ಬೇಕು, ಊರು ಬೇಕು, ರಕ್ತ ಬೇಕು. ಈ ವಿಂಗಡಣೆಯನ್ನು ಚಲನಚಿತ್ರಕ್ಕೆ ವಿಸ್ತರಿಸುವುದಾದರೆ 'ತರ್ಕ' ಅಹಂ ಲೋಕದ ಕಥೆ: ಬಾಗಿಲು, ಕಿಟಕಿ, ಗಂಡ, ಹೆಂಡತಿ, ಹೊರಗಿನಿಂದ ಬಂದವನು. ದೇಸಾಯಿಯವರು ಮುಂದೆ 'ನಿಷ್ಕರ್ಷ'ದಲ್ಲಿ (1993) ಬಹುಮಹಡಿ ಕಟ್ಟಡವೊಂದನ್ನೇ ಮುಚ್ಚಿದ ಮನೆಯನ್ನಾಗಿ ಮಾಡಿದರು.

'ಕೆ.ಜಿ.ಎಫ್.' ಚಿತ್ರದ ಮೊದಲ ಭಾಗ 2018ರ ಡಿಸೆಂಬರ್ 21ರಂದು ಐದು ಭಾಷೆಗಳಲ್ಲಿ ತೆರೆಕಂಡಾಗ ಆದದ್ದು ಪುರಂ ಲೋಕದ ಪುನರಾಗಮನ. ಪ್ರಶಾಂತ್ ನೀಲ್ ನಿರ್ದೇಶನದ ಈ ಚಿತ್ರದ ಕಥನಕ್ರಮ ಜಾನಪದ ಅಧ್ಯಯನಕಾರರಿಗೆ ಪರಿಚಿತವಾದುದೇ. ಬಡ ತಾಯಿಗೆ ಕೊಟ್ಟ ಮಾತು, ಹೊರನಾಡಿನಲ್ಲಿ ಬೆಳೆದ ಮಗ, ರಾಕ್ಷಸನ ಕೋಟೆಗೆ ವೇಷ ಮರೆಸಿಕೊಂಡು ಪ್ರವೇಶ, ದೇವಿಯ ಬಲಿಪೀಠದೆದುರು ರಾಕ್ಷಸನ ಶಿರಚ್ಛೇದ. ಬಲಿ ಕೊಡಲು ಬಂದವನೇ ಬಲಿಯಾಗುವ ಈ ಆಶಯ ನಮ್ಮ ನಿಧಿಕಥೆಗಳಲ್ಲಿ ಹಳೆಯದು. ಕಥೆಯನ್ನು ಹೇಳುವವನು ಪತ್ರಕರ್ತ ಆನಂದ್ ಇಂಗಳಗಿ; ಆ ಪಾತ್ರದಲ್ಲಿರುವವರು ಶಂಕರ್ ನಾಗ್ ಅವರ ಅಣ್ಣ ಅನಂತ್ ನಾಗ್. ಸೂತ್ರಧಾರನ ಬಾಯಲ್ಲಿ ವೀರನ ಕೀರ್ತಿ ಮೊದಲು, ವೀರನ ಪ್ರವೇಶ ಆಮೇಲೆ. ಕಂಸಾಳೆಯವರಾಗಲಿ ನೀಲಗಾರರಾಗಲಿ ಕಥಾನಾಯಕನನ್ನು ಬಯಲಿಗೆ ಕರೆತರುವ ಬಗೆಗೂ ಇದಕ್ಕೂ ದೂರವಿಲ್ಲ.

ಯಶ್ ಅವರ ಅಭಿನಯವನ್ನು ಈ ಚೌಕಟ್ಟಿನಲ್ಲಿಟ್ಟೇ ಅಳೆಯಬೇಕು. ಮನೋಧರ್ಮದ ಸೂಕ್ಷ್ಮಗಳನ್ನು ಅಲ್ಲಿ ಹುಡುಕಹೊರಡುವವರು ಪ್ರಕಾರವನ್ನೇ ತಪ್ಪಾಗಿ ತಿಳಿದವರು. ರಾಕಿ ಎಂಬ ಪಾತ್ರ ನಿಂತ ನಿಲುವಿನದು, ನಡಿಗೆಯದು, ಅಳೆದು ಆಡುವ ಮಾತಿನದು. ಮೂಡಲಪಾಯದ ವೇಷದಂತೆ ಅದು ದೂರದಿಂದ ಕಾಣಬೇಕಾದ ಆಕೃತಿ. ಹಾಗಿದ್ದೂ ಮೊದಲ ಭಾಗದ ಉತ್ತರಾರ್ಧದಲ್ಲಿ, ಗುಲಾಮರ ನಡುವೆ ಗುಲಾಮನಾಗಿ ಮಣ್ಣು ಮೆತ್ತಿಕೊಂಡು ನಿಲ್ಲುವ ಭಾಗಗಳಲ್ಲಿ, ಅಬ್ಬರ ತಗ್ಗಿ ನೋಟ ಮಾತ್ರ ಕೆಲಸ ಮಾಡುತ್ತದೆ. ಕಾವಲುಗಾರರ ಲೆಕ್ಕ ಹಾಕುತ್ತ, ಕಂಡರೂ ಕಾಣದವನಂತೆ ಕಾಯುವ ಆ ಹೊತ್ತಿನಲ್ಲಿ ಚಿತ್ರ ರೋಮಾಂಚಕ ಪ್ರಕಾರಕ್ಕೆ ಹತ್ತಿರವಾಗುತ್ತದೆ. ಯಶ್ ಅವರ ಒಳ್ಳೆಯ ಅಭಿನಯವೂ ಅಲ್ಲಿಯೇ ಇದೆ. 2022ರ ಏಪ್ರಿಲ್ 14ರಂದು ಬಂದ ಎರಡನೆಯ ಭಾಗದಲ್ಲಿ ಅದೂ ಉಳಿಯಲಿಲ್ಲ, ವಿಗ್ರಹ ಮಾತ್ರ ಉಳಿಯಿತು.

ಚರಿತ್ರೆಯೊಂದಿಗಿನ ತಕರಾರು ಇರುವುದು ಬೇರೆಡೆ. ಚಿತ್ರದ ನರಾಚಿ ಗಣಿ 1951ರಲ್ಲಿ ಪತ್ತೆಯಾಗುತ್ತದೆ, ಗೋಡೆಯೊಳಗಿನ ಗುಲಾಮಗಿರಿ 1980ರ ಸುಮಾರಿನವರೆಗೂ ಸಾಗುತ್ತದೆ. ನಿಜವಾದ ಗಣಿ ಆ ವೇಳೆಗೆ ನೂರು ವರ್ಷ ಹಳೆಯದು. 1956ರಲ್ಲಿ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತ್ತು, 1962ರಲ್ಲಿ ಕೇಂದ್ರಕ್ಕೆ ಬಿಟ್ಟುಕೊಟ್ಟಿತ್ತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂಬ ಸಾರ್ವಜನಿಕ ಉದ್ದಿಮೆ ಹುಟ್ಟಿತ್ತು. ಚಿತ್ರದಲ್ಲಿ ರಾಕಿ ಸುರಂಗ ಹೊಕ್ಕ ವರ್ಷಗಳಲ್ಲಿಯೇ ನಿಜವಾದ ಸುರಂಗಗಳಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪ್ರೋಟಾನಿನ ಕ್ಷಯಕ್ಕಾಗಿ ಕಾದು ಕುಳಿತಿದ್ದರು. 1965ರಲ್ಲಿ ವಾಯುಮಂಡಲದ ನ್ಯೂಟ್ರಿನೋಗಳ ಸುಳಿವು ಸಿಕ್ಕಿದ್ದೂ ಇದೇ ಪಾತಾಳದಲ್ಲಿ. ಕಲ್ಪನೆಯ ಕೃತಿಗೆ ಇತಿಹಾಸದ ತಕ್ಕಡಿ ಹಿಡಿಯುವುದು ಸಲ್ಲದೆಂಬ ವಾದವನ್ನು ಒಪ್ಪಬಹುದು. ಚಿತ್ರವೂ ತಾನು ಕಟ್ಟುಕಥೆಯೆಂದೇ ಹೇಳಿಕೊಂಡಿದೆ. ಆದರೆ ಊರಿನ ನಿಜನಾಮವನ್ನೇ ಶೀರ್ಷಿಕೆಯಾಗಿ ಪಡೆದ ಮೇಲೆ ಕೇಳಲೇಬೇಕಾದ ಪ್ರಶ್ನೆಯೊಂದು ಉಳಿಯುತ್ತದೆ. ಬೆರಳಚ್ಚು ಕೊಡೆವೆಂದು ತಾವೇ ಎದ್ದು ನಿಂತ ಜನ, ಸಂಘ ಕಟ್ಟಿದ ಜನ, ತೆರೆಯ ಮೇಲೆ ಯಾರೋ ಬಂದು ಬಿಡಿಸಬೇಕಾದ ಮೂಕ ಸಮೂಹವಾದದ್ದು ಹೇಗೆ? ವೀರಕಥನಕ್ಕೆ ವೀರನೊಬ್ಬನೇ ಬೇಕು. ಮುಷ್ಕರಕ್ಕೆ ಅಂತಹ ಒಬ್ಬನಿರುವುದಿಲ್ಲ. ಇದು ನಿರ್ದೇಶಕರ ದುರುದ್ದೇಶವಲ್ಲ, ಆರಿಸಿಕೊಂಡ ರೂಪದ ಮಿತಿ.

2024ರಲ್ಲಿ ತೆರೆಕಂಡ ಪ. ರಂಜಿತ್ ಅವರ ತಮಿಳು ಚಿತ್ರ 'ತಂಗಲಾನ್' ಈ ಕೊರತೆಯನ್ನು ಇನ್ನೊಂದು ದಿಕ್ಕಿನಿಂದ ತುಂಬಲು ಯತ್ನಿಸಿತು. ಉತ್ತರ ಆರ್ಕಾಟಿನಿಂದ ಚಿನ್ನ ಅಗೆಯಲು ಹೊರಟವರನ್ನೇ ಕಥಾಕೇಂದ್ರದಲ್ಲಿರಿಸಿ, ಚಿನ್ನಕ್ಕೆ ಕಾವಲಾಗಿರುವ ಹೆಣ್ಣು ಶಕ್ತಿಯನ್ನು ಅದು ಕಲ್ಪಿಸಿತು. ನಿಧಿಗಾವಲಿನ ನಂಬಿಕೆ ಇಲ್ಲಿ ಅಲಂಕಾರವಾಗಿ ಬಂದಿಲ್ಲ, ನೆಲ ಯಾರದು ಎಂಬ ಪ್ರಶ್ನೆಯಾಗಿ ಬಂದಿದೆ. ವಿಕ್ರಂ ಅವರ ದೈಹಿಕ ಅಭಿನಯ ಮೆಚ್ಚುವಂಥದು, ಕೆಲವೊಮ್ಮೆ ಅತಿಯೆನಿಸಿದರೂ. ಗಣಿಯ ಜನರಲ್ಲಿ ಬಹುಪಾಲು ಮಂದಿ ತಮಿಳು ಮನೆಮಾತಿನವರೆಂಬುದನ್ನು ನೆನೆದರೆ ಅವರ ಮೂಲಕಥೆಯನ್ನು ಹೇಳುವ ಯತ್ನ ಮೊದಲು ತಮಿಳಿನಲ್ಲಾದದ್ದು ಸಹಜವೇ. ಕನ್ನಡ, ತಮಿಳು, ತೆಲುಗು, ಉರ್ದು ಒಂದೇ ಬೀದಿಯಲ್ಲಿ ಕೇಳಿಬರುವ ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆಗಳ ಕಥೆಯನ್ನು ಒಂದು ಭಾಷೆಯ ಸೊತ್ತೆಂದು ಹೇಳಲು ಬಾರದು.

ಆದರೂ 'ತರ್ಕ'ದಂತಹ ಚಿತ್ರವೊಂದು ಈ ಊರಿನಿಂದ ಇನ್ನೂ ಬರಬೇಕಾಗಿಯೇ ಇದೆ. ಎರಡು ಕೋಣೆಯ ಲೈನು ಮನೆ, ರಾತ್ರಿ ಪಾಳಿಗೆ ಹೋದ ಗಂಡ, ಬಾಗಿಲು ತಟ್ಟುವ ಕಾವಲಿನವರು, ಒಲೆಯ ಬೂದಿಯಲ್ಲಿ ಹೂತಿಟ್ಟ ಒಂದು ಹಿಡಿ ಅದುರು: ಅಂತಹ ಚಿತ್ರಕ್ಕೆ ಅಪಾರ ಹಣ ಬೇಕಿಲ್ಲ. ಬೇಕಾದದ್ದು ತಪ್ಪಿತಸ್ಥನೋ ಅಲ್ಲವೋ ಎಂದು ಕೊನೆಯವರೆಗೂ ಬಿಟ್ಟುಕೊಡದ ಒಂದು ಮುಖ. ಅದು ತೊಂಬತ್ತರ ದಶಕದ ಆರಂಭದಲ್ಲಿಯೇ ಸಾಧ್ಯವಿತ್ತು. ಆಗ ಗಣಿಯೂ ಉಸಿರಾಡುತ್ತಿತ್ತು, ಪ್ರಕಾರವೂ ಹುರುಪಿನಲ್ಲಿತ್ತು. ಶಂಕರ್ ನಾಗ್ ಮಾತ್ರ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡಿನ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ಅವರ ವಯಸ್ಸು 35.

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಂದಿನಿಂದ ಊರಿನ ದುಡಿಯುವ ಜನ ನಸುಕಿನಲ್ಲೆದ್ದು ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ರಾತ್ರಿ ಮರಳುತ್ತಾರೆ. ಚಿನ್ನ ತೆಗೆದು ಉಳಿದ ಮಣ್ಣಿನ ಗುಡ್ಡಗಳು ಹಾಗೆಯೇ ನಿಂತಿವೆ. ಊರಿನವರು ಅವನ್ನು ಸೈನೈಡ್ ಗುಡ್ಡಗಳೆನ್ನುತ್ತಾರೆ. ಗಾಳಿ ಬೀಸುವ ತಿಂಗಳುಗಳಲ್ಲಿ ಅದರ ದೂಳು ಲೈನು ಮನೆಗಳ ಒಳಗೂ ಬಂದು ಕೂರುತ್ತದೆ. ಸಿನಿಮಾದವರಿಗೆ ಅದು ಬಾಡಿಗೆಯಿಲ್ಲದ ಮರುಭೂಮಿಯಾಗಿ ಒದಗಿತು. 'ಕೆ.ಜಿ.ಎಫ್.' ಚಿತ್ರದ ನರಾಚಿಯನ್ನು ಕಟ್ಟಿದ್ದು ಅಲ್ಲಿಯೇ. ಎರಡನೆಯ ಭಾಗದ ಚಿತ್ರೀಕರಣದಿಂದ ಗುಡ್ಡಕ್ಕೂ ಪರಿಸರಕ್ಕೂ ಹಾನಿಯಾಗುತ್ತಿದೆಯೆಂಬ ದೂರಿನ ಮೇಲೆ 2019ರ ಆಗಸ್ಟ್‌ನಲ್ಲಿ ಸ್ಥಳೀಯ ನ್ಯಾಯಾಲಯ ಕೆಲಕಾಲ ತಡೆ ನೀಡಿದ್ದೂ ಉಂಟು. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ಸುಮಾರು ಒಂದು ಸಾವಿರ ಎಕರೆಯಲ್ಲಿ ಹರಡಿರುವ 13 ಗುಡ್ಡಗಳ ಮಣ್ಣಿನಿಂದ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ಚಿತ್ರದಲ್ಲಿ ನರಾಚಿಯಾಗಿ ಕಂಡ ಗುಡ್ಡಗಳು ಮತ್ತೊಮ್ಮೆ ಚಿನ್ನದ ಲೆಕ್ಕಕ್ಕೆ ಸೇರಿದ್ದು ಹೀಗೆ.